ಶನಿಗ್ರಹದ ದಾರಿಯಲ್ಲಿ ಒಂದು ಎಮ್ಮೆ

ಬೀಗರಾಗುವವರು ಬರೆದ ಕಾದಂಬರಿಯ ಗುಣದೋಷಗಳನ್ನು ಎಳೆ ಎಳೆಯಾಗಿ ಬಿಡಿಸಿ, ಅವರ ಎದುರಿಗೇ ಇಟ್ಟು, ಅವರ ಬಾಯಿಂದಲೇ ಭೇಷ್ ಅನ್ನಿಸಿಕೊಳ್ಳುತ್ತೇನೆ ಎಂದು ನಾನು ಒಂದು ಸೋಮವಾರ ಬೆಳಿಗ್ಗೆ, ಅರ್ಧ ಗಡ್ಡ ಹೆರೆದು ಇನ್ನರ್ಧಕ್ಕೆ ಸೋಪು ಬಳಿದುಕೊಂಡಿದ್ದ ಸ್ಥಿತಿಯಲ್ಲಿ, ಇಡೀ ಮನೆಗೆ ಕೇಳುವಂತೆ ಘೋಷಿಸಿದೆ. ಚನ್ನಗಿರಿಯ ತಾಲ್ಲೂಕು ಕಚೇರಿಯಲ್ಲಿ ನನ್ನಷ್ಟು ಚೆನ್ನಾಗಿ ತಪ್ಪು ಹುಡುಕುವ ಗುಮಾಸ್ತ ಇನ್ನೊಬ್ಬನಿರಲಿಲ್ಲ. ಸಾಹೇಬರು ಬರೆದ ಟಿಪ್ಪಣಿಯಲ್ಲೇ ತಪ್ಪು ಹಿಡಿದು, ಅದನ್ನು ಮನೆಗೆ ಬಂದು ಹೆಂಡತಿಯ ಮುಂದೆ ಧೈರ್ಯವಾಗಿ ಹೇಳಿದ ಗಂಡು ನಾನು. ಅಂಥವನಿಗೆ ಒಂದು ಕಾದಂಬರಿ ಯಾವ ಲೆಕ್ಕ!

ವಿಷಯ ಇಷ್ಟು. ನನ್ನ ಷಡ್ಡಕ, ಗೋವಿನಕೋವಿಯ ಧರ್ಮಪ್ಪ, ನಮ್ಮ ಮಗಳು ಹಾಲಮ್ಮನಿಗೆ ಜಗಳೂರಿನ ಒಂದು ಸಂಬಂಧ ತಂದಿದ್ದ. ಹುಡುಗ ಮರುಳಪ್ಪ, ಹೊನ್ನಾಳಿಯ ಪಶು ಆಸ್ಪತ್ರೆಯಲ್ಲಿ ನೌಕರಿ. ಯಾರದೋ ಮದುವೆಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡಿದ್ದರಂತೆ. ಅದಕ್ಕೂ ಮೊದಲು ಬಂದ ಗಂಡುಗಳಿಗೆಲ್ಲ ಏನಾದರೊಂದು ಕೊಂಕು ತೆಗೆದು ಬೇಡವೆಂದಿದ್ದ ನನ್ನ ಮಗಳು, ಈ ಹೆಸರು ಕೇಳಿದ ಮೇಲೆ ಮಾತಾಡದೆ ಹೋಗಿ ಬಚ್ಚಲ ಒಲೆಗೆ ಉರಿ ಹಾಕುತ್ತಾ ಕೂತಳು. ನೀರು ಕುದಿದು ಉಕ್ಕಿದರೂ ಉರಿ ಹಾಕುತ್ತಲೇ ಇದ್ದಳು. ಅವಳಮ್ಮ ಸಿದ್ದಲಿಂಗಮ್ಮ ಅದನ್ನು ನೋಡಿ ಬಂದು, ಇದೊಂದು ಕೈತಪ್ಪಬಾರದು ನೋಡ್ರಿ ಎಂದು ನನಗೆ ಮೆಲ್ಲಗೆ ಹೇಳಿದಳು.

ಎಲ್ಲ ಸರಿ ಇತ್ತು. ತೊಡಕು ಇದ್ದದ್ದು ಹುಡುಗನ ಅಪ್ಪನಲ್ಲಿ. ತಿಪ್ಪೇಶಪ್ಪನವರು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದ ಮೇಷ್ಟ್ರು. ಬೀಡಿ ಇಲ್ಲ, ಸಿಟ್ಟಿಲ್ಲ, ಕೊಡುವ ತೆಗೆದುಕೊಳ್ಳುವ ಮಾತೂ ಇಲ್ಲ. ಆದರೆ ಅವರು ಹಿಂದೊಮ್ಮೆ ಒಂದು ವೈಜ್ಞಾನಿಕ ಸಾಹಸ ಕಾದಂಬರಿ ಬರೆದಿದ್ದರು. ‘ಶನಿಬಳೆಯೊಳಗೆ ಏಳು ಮಂದಿ’ ಎಂಬ ಹೆಸರಿನಲ್ಲಿ ಅದು ಒಂದು ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಿತ್ತು. ಹೆಣ್ಣು ನೋಡಲು ಹೋದ ಕಡೆಯೆಲ್ಲ ಈ ಮಹನೀಯರು ಅವಲಕ್ಕಿ ತಿಂದು ಕೈ ಒರೆಸಿಕೊಂಡು, ಹೆಣ್ಣಿನ ಅಪ್ಪನನ್ನು ಕೇಳುತ್ತಿದ್ದ ಪ್ರಶ್ನೆ ಒಂದೇ: ನನ್ನ ಕಾದಂಬರಿಯಲ್ಲಿ ಗುಣ ಯಾವುದು, ದೋಷ ಯಾವುದು?

ಹೊನ್ನಾಳಿ ಕಡೆಯ ಒಬ್ಬರು ಎಲ್ಲವೂ ಗುಣವೇ ಎಂದರಂತೆ. ಹಾಗಾದರೆ ನೀವು ಓದಿಲ್ಲ ಎಂದು ಮೇಷ್ಟ್ರು ಎದ್ದು ಬಂದರಂತೆ. ಇನ್ನೊಬ್ಬರು, ಇವೆಲ್ಲ ಹುಡುಗರ ಕಥೆ, ನಮಗ್ಯಾಕೆ ಎಂದರಂತೆ. ಅಲ್ಲಿಂದ ಇವರು ಕಾಫಿಯನ್ನೂ ಕುಡಿಯದೆ ಎದ್ದರಂತೆ. ಇದನ್ನೆಲ್ಲ ವರದಿ ಮಾಡಿ ಧರ್ಮಪ್ಪ, ಬರುವ ಭಾನುವಾರ ಅವರನ್ನು ಕರೆತರುತ್ತೇನೆ, ಅಷ್ಟರೊಳಗೆ ತಯಾರಾಗಿರಿ ಎಂದು ಎಚ್ಚರಿಸಿ ಬಸ್ಸು ಹತ್ತಿದ. ಆಗಲೇ ನನ್ನ ಘೋಷಣೆ ಹೊರಬಿದ್ದದ್ದು.

ಸಿದ್ದಲಿಂಗಮ್ಮ ಒಳಗಿನಿಂದ ಬಂದು ಬಾಗಿಲಿಗೆ ಒರಗಿ ನಿಂತಳು.

“ಆ ಕಥೆ ನಾನು ಓದೀನಲ್ರೀ. ಅವ್ರು ಕೇಳಿದ್ರೆ ನಾನೇ ಹೇಳ್ತೀನಿ ಬಿಡ್ರಿ.”

ನಾನು ನಕ್ಕೆ. ಸೋಪು ಬಾಯಿಗೆ ಹೋದರೂ ನಗು ನಿಲ್ಲಿಸಲಿಲ್ಲ. ಬೀಗರ ಮುಂದೆ ಹೆಂಗಸರು ಕೂತು ವಿಮರ್ಶೆ ಮಾಡುವುದುಂಟೇ, ನಿನ್ನ ಕೆಲಸ ಮೆಣಸಿನಕಾಯಿ ಬೋಂಡ ಕರಿಯುವುದು, ನನ್ನ ಕೆಲಸ ಕಾದಂಬರಿ ಕರಿಯುವುದು ಎಂದೆ. ಪುಸ್ತಕ ಎಲ್ಲಿದೆ ತಾ, ಎರಡು ಸಲ ಓದಿ ಬಿಸಾಡುತ್ತೇನೆ ಎಂದೂ ಸೇರಿಸಿದೆ.

ಪುಸ್ತಕ ಎಲ್ಲಿತ್ತು! ಅದು ಅಚ್ಚಾದ ಪುಸ್ತಕವೇ ಅಲ್ಲ. ಆ ಕಾಲದಲ್ಲಿ ನಮ್ಮ ಕಡೆ ಹೆಂಗಸರು ವಾರಪತ್ರಿಕೆಯ ಧಾರಾವಾಹಿ ಹಾಳೆಗಳನ್ನು ವಾರವಾರ ಬಿಡಿಸಿ ಎತ್ತಿಟ್ಟು, ಕಥೆ ಮುಗಿದ ಮೇಲೆ ದಬ್ಬಣದಿಂದ ಹೊಲಿದು, ಹಳೆಯ ಕ್ಯಾಲೆಂಡರಿನ ರಟ್ಟು ಹಾಕಿ ಪುಸ್ತಕ ಮಾಡುತ್ತಿದ್ದರು. ಸಿದ್ದಲಿಂಗಮ್ಮನೂ ಹಾಗೇ ಹೊಲಿದಿಟ್ಟಿದ್ದಳು. ಅಂಥ ಪುಸ್ತಕಕ್ಕೆ ಒಂದು ದೊಡ್ಡ ದೋಷವಿದೆ: ಅದು ಯಾವತ್ತೂ ಹೊಲಿದವರ ಮನೆಯಲ್ಲಿರುವುದಿಲ್ಲ. ಇದನ್ನು ಅವಳ ಅಕ್ಕ ಭೀಮಕ್ಕ, ಅಂದರೆ ಧರ್ಮಪ್ಪನ ಹೆಂಡತಿ, ಓದಿ ಕೊಡುತ್ತೇನೆಂದು ಗೋವಿನಕೋವಿಗೆ ಒಯ್ದಿದ್ದಳು.

ಮಂಗಳವಾರ ರಜೆ ಚೀಟಿ ಬರೆದುಕೊಟ್ಟು ಗೋವಿನಕೋವಿಗೆ ಹೋದೆ. ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ, ನಿಂತುಕೊಂಡೇ ಪ್ರಯಾಣ ಮಾಡಿ, ಬಿಸಿಲಿಗೆ ಬೆಂದು ಬಾಗಿಲು ತಟ್ಟಿದರೆ ಭೀಮಕ್ಕ ಮಜ್ಜಿಗೆ ಕೊಟ್ಟು, ಅಯ್ಯೋ ಅದನ್ನ ನ್ಯಾಮತಿಯ ನಮ್ಮ ನಾದಿನಿಗೆ ಕೊಟ್ಟೆನಲ್ಲ ಎಂದಳು. ನ್ಯಾಮತಿಗೆ ಹೋದೆ. ನಾದಿನಿ ಉಪ್ಪಿಟ್ಟು ಕೊಟ್ಟು, ಅದನ್ನು ಪಕ್ಕದ ಮನೆಯ ನರ್ಸಮ್ಮ ಒಯ್ದರೆಂದಳು. ಪಕ್ಕದ ಮನೆಗೆ ಬೀಗ ಬಿದ್ದಿತ್ತು. ನರ್ಸಮ್ಮ ವರ್ಗವಾಗಿ ಹೋಗಿದ್ದರು, ಶನಿಗ್ರಹವನ್ನೂ ಸಾಮಾನಿನ ಜೊತೆ ಲಾರಿಗೆ ಹಾಕಿಕೊಂಡು! ಯಾವ ಊರಿಗೆ ಎಂದರೆ ಮೂರು ಮಂದಿ ಮೂರು ಊರು ಹೇಳಿದರು. ಸಂಜೆ ಕಡೆಯ ಬಸ್ಸಿಗೆ ಚನ್ನಗಿರಿಗೆ ಬಂದಾಗ ನನ್ನ ಕೈಯಲ್ಲಿ ಇದ್ದದ್ದು ಭೀಮಕ್ಕ ತಂಗಿಗೆಂದು ಕಟ್ಟಿಕೊಟ್ಟ ಬದನೆಕಾಯಿ ಚೀಲ ಮಾತ್ರ.

ಆಗ ನನಗೆ ಮೊದಲ ಸಲ ಭಯವಾಯಿತು. ಹಾಲಮ್ಮ ಚೀಲ ಇಸಿದುಕೊಂಡು ಒಳಗೆ ಕೈಹಾಕಿ, ಬದನೆಕಾಯಿಗಳ ನಡುವೆ ಏನನ್ನೋ ಹುಡುಕಿದಳು. ಏನೂ ಸಿಗಲಿಲ್ಲ. ಅವಳು ನನ್ನ ಮುಖ ನೋಡಲಿಲ್ಲ, ಸುಮ್ಮನೆ ಬದನೆಕಾಯಿ ತೊಳೆಯಲು ಹೋದಳು. ಆ ರಾತ್ರಿ ಎಣ್ಣೆಗಾಯಿ ಮಾಡಿದ್ದರು. ನನಗೆ ಸೇರಲಿಲ್ಲ.

ಬುಧವಾರ ಬೆಳಿಗ್ಗೆ ಬೇರೆ ದಾರಿಯಿಲ್ಲದೆ ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು, ಕಥೆ ಹೇಳು ಎಂದು ಹೆಂಡತಿಗೆ ಅಪ್ಪಣೆ ಮಾಡಿದೆ. ಅವಳು ರೊಟ್ಟಿ ತಟ್ಟುತ್ತಾ, “ಹೇಳ್ತೀನಿ. ಆದ್ರೆ ನಡುವೆ ನಾಕೈದು ವಾರದ್ದು ಏನಾಗಿತ್ತಂದ್ರೆ...” ಎಂದು ಶುರು ಮಾಡಿದಳು. ನಾನು ಕೈ ಎತ್ತಿ ತಡೆದೆ. ಪೀಠಿಕೆ ಬೇಡ, ವಿಮರ್ಶೆ ನನಗೆ ಬಿಡು, ನೀನು ಕಥೆಯಷ್ಟೇ ಹೇಳು ಎಂದೆ. ಅವಳು ಒಂದು ಕ್ಷಣ ನನ್ನನ್ನು ನೋಡಿ, ಆಗಲಿ ಎಂದು ರೊಟ್ಟಿ ಮಗುಚಿದಳು.

ಮೂರು ದಿನದ ರೊಟ್ಟಿಯಲ್ಲಿ ಇಡೀ ಕಾದಂಬರಿ ಕೇಳಿದೆ. ಏಳು ಮಂದಿ ಗಂಡಸರು ಒಂದು ಆಕಾಶನೌಕೆಯಲ್ಲಿ ಶನಿಗ್ರಹಕ್ಕೆ ಹೊರಡುತ್ತಾರೆ. ಕ್ಯಾಪ್ಟನ್ ಎಂಬವನು ಮಹಾ ಬಿಗುವಿನ ಮನುಷ್ಯ. ಪ್ರತಿ ವಾರ ಪ್ರಾಣಾಪಾಯ ಬರುತ್ತದೆ, ಪ್ರತಿ ವಾರ ಅವನು ಜೇಬಿನಿಂದ ಹೊಸದೊಂದು ಯಂತ್ರ ತೆಗೆದು ಪಾರು ಮಾಡುತ್ತಾನೆ. ಆ ಜೇಬು ಎಷ್ಟು ದೊಡ್ಡದಿರಬಹುದು ಎಂದು ನಾನು ಕೇಳಿದರೆ, ಅದನ್ನು ನಾವು ಓಣಿಯ ಹೆಂಗಸರೂ ಲೆಕ್ಕ ಹಾಕಿದ್ದೆವು, ನಮ್ಮ ಹತ್ತಿ ಚೀಲದಷ್ಟಾದರೂ ಇರಬೇಕು ಎಂದಳು. ಮುಂದೆ ಮಂಗಳ ದಾಟಿದ ಮೇಲೆ ಒಂದು ಎಮ್ಮೆ ಬರುತ್ತದೆ. ಅಲ್ಲಿಂದ ಕಥೆಗೆ ಜೀವ ಬಂತು ನೋಡಿ! ರೊಟ್ಟಿ ಸೀದದ್ದು ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ. ನಾನು ಕಚೇರಿಗೆ ತಡವಾಗಿ ಹೋಗಿ ಬೈಸಿಕೊಂಡೆ.

ಕಚೇರಿಯಲ್ಲಿ ಕೂತು ಗುಣಗಳನ್ನೂ ದೋಷಗಳನ್ನೂ ಮನಸ್ಸಿನಲ್ಲೇ ಜೋಡಿಸಿದೆ. ಗುಣ ಹೆಚ್ಚಾದರೆ ಓದಿಲ್ಲ ಎನ್ನುತ್ತಾರೆ. ದೋಷ ಹೆಚ್ಚಾದರೆ ಎದ್ದು ಹೋಗುತ್ತಾರೆ. ತಕ್ಕಡಿ ಸಮ ಇರಬೇಕು. ಯಾರೋ ಪಹಣಿ ನಕಲು ಕೇಳಿಕೊಂಡು ಬಂದರೆ, ಪಾತ್ರಪೋಷಣೆ ಸಾಲದು, ನಾಳೆ ಬನ್ನಿ ಎಂದುಬಿಟ್ಟೆ. ಶುಕ್ರವಾರದ ಹೊತ್ತಿಗೆ, ನನ್ನ ಒಂದು ಮಾತು ಹೆಚ್ಚು ಕಮ್ಮಿಯಾದರೆ ಮಗಳು ಜೀವಮಾನವೆಲ್ಲ ಬಚ್ಚಲ ಒಲೆಗೆ ಉರಿ ಹಾಕುತ್ತಾ ಕೂರುತ್ತಾಳೆ ಎಂದು ಯೋಚನೆ ಹತ್ತಿತು. ಶನಿವಾರ ಆಂಜನೇಯನ ಗುಡಿಗೆ ಹೋಗಿ, ಶನಿಗ್ರಹದ ಬಗ್ಗೆ ನಾಳೆ ನಾನು ಏನೇ ಮಾತಾಡಿದರೂ ಶನಿಮಹಾತ್ಮ ಮನಸ್ಸಿಗೆ ಹಚ್ಚಿಕೊಳ್ಳದ ಹಾಗೆ ನೀನೇ ನೋಡಿಕೋ ಎಂದು ಬೇಡಿಕೊಂಡು ಬಂದೆ.

ಭಾನುವಾರ ಬಂದರು. ತಿಪ್ಪೇಶಪ್ಪನವರು ಸಣಕಲು ಆಳು, ಬಿಳಿ ಪಂಚೆ, ದಪ್ಪ ಕನ್ನಡಕ. ಹುಡುಗ ಮರುಳಪ್ಪ ಕುತ್ತಿಗೆ ಬಗ್ಗಿಸಿ ಕೂತಿದ್ದ. ಧರ್ಮಪ್ಪ ಮಾತ್ರ ತಾನೇ ಮದುಮಗನ ಹಾಗೆ ಬೀಗುತ್ತಿದ್ದ. ನಡುವೆ ಪಕ್ಕದ ಮನೆಯ ಇಮಾಮ್‌ಬೀಯಿಂದ ಕೇಳಿ ತಂದ ಕಸೂತಿ ಬಟ್ಟೆ ಹಾಸಿದ ಟೀಪಾಯಿ, ಅದರ ಮೇಲೆ ಅವಲಕ್ಕಿ, ಬೋಂಡ. ಹಾಲಮ್ಮ ಕಾಫಿ ತಂದಿಟ್ಟು, ನಮಸ್ಕಾರ ಮಾಡಿ ಒಳಗೆ ಹೋದಳು. ಬಾಗಿಲ ಪರದೆಯ ಕೆಳಗೆ ಅವಳ ಕಾಲೂ ಅವಳಮ್ಮನ ಕಾಲೂ ಕಾಣುತ್ತಿದ್ದವು. ಇಮಾಮ್‌ಬೀಯ ಕಾಲೂ ಇತ್ತು. ಹಬ್ಬವಿರಲಿ, ಹೆಣ್ಣು ನೋಡುವುದಿರಲಿ, ಅವಳಿಲ್ಲದೆ ನಮ್ಮ ಮನೆಯಲ್ಲಿ ಯಾವುದೂ ನಡೆಯುತ್ತಿರಲಿಲ್ಲ.

ತಿಪ್ಪೇಶಪ್ಪನವರು ಅವಲಕ್ಕಿ ಮುಗಿಸಿದರು. ಕೈ ಒರೆಸಿಕೊಂಡರು. ಕನ್ನಡಕ ಸರಿ ಮಾಡಿಕೊಂಡರು.

“ನಾಗೇಂದ್ರಪ್ನೋರೆ, ನೀವು ನನ್ ಕಾದಂಬರಿ ಓದೀರಿ ಅಂತ ಧರ್ಮಪ್ಪ ಹೇಳಿದ್ರು. ಗುಣ ಏನು, ದೋಷ ಏನು, ಸಂಕೋಚ ಇಲ್ದೆ ಹೇಳ್ರಿ.”

ನಾನು ಗಂಟಲು ಸರಿಪಡಿಸಿಕೊಂಡು ದೋಷದಿಂದಲೇ ಆರಂಭಿಸಿದೆ. ಕ್ಯಾಪ್ಟನ್ನನ ಜೇಬು ಮೊದಲನೆಯದು. ಅಪಾಯ ಬಂದಾಗಲೆಲ್ಲ ಜೇಬಿನಿಂದ ಯಂತ್ರ ಬರುತ್ತದೆಂದು ಗೊತ್ತಾದ ಮೇಲೆ ಓದುಗ ಯಾಕೆ ಹೆದರಬೇಕು ಎಂದೆ. ತಿಪ್ಪೇಶಪ್ಪನವರ ಹುಬ್ಬು ಮೇಲೇರಿತು. ಆಮೇಲೆ ನಿಧಾನಕ್ಕೆ ತಲೆಯಾಡಿಸಿ, ನಿಜ, ಅದು ನನಗೂ ಆಮೇಲೆ ಹೊಳೆಯಿತು ಎಂದರು. ಮರುಳಪ್ಪ ಮೊದಲ ಸಲ ತಲೆಯೆತ್ತಿದ. ನನಗೆ ಧೈರ್ಯ ಬಂತು. ಏಳು ಮಂದಿಯಲ್ಲಿ ಯಾರು ಯಾರೆಂದೇ ತಿಳಿಯುವುದಿಲ್ಲ, ಎಲ್ಲರೂ ಒಂದೇ ಥರ ಮಾತಾಡುತ್ತಾರೆ ಎಂದೆ. ಅದನ್ನೂ ಒಪ್ಪಿದರು. ಧರ್ಮಪ್ಪ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ. ಇನ್ನು ಗುಣಗಳು. ಶನಿಯ ಬಳೆಯ ವರ್ಣನೆ, ಕತ್ತಲೆಯಲ್ಲಿ ತೇಲುವ ಹಿಮದ ಬಂಡೆಗಳು, ನೌಕೆ ಅದರೊಳಗೆ ನುಸುಳುವ ಪ್ರಸಂಗ, ಎಲ್ಲವನ್ನೂ ಹೊಗಳಿದೆ. ಮೇಷ್ಟ್ರ ಮುಖ ಅರಳಿತು. ಅಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ನಾನು ನಿಲ್ಲಿಸುವ ಜಾಯಮಾನದವನೇ!

“ಆದರೆ ಮೇಷ್ಟ್ರೆ, ಇವೆಲ್ಲಕ್ಕಿಂತ ದೊಡ್ಡ ಗುಣ ಒಂದೈತೆ. ಇಡೀ ಕಾದಂಬರಿಯಾಗೆ ಮನುಷ್ಯರ ಹಂಗೆ ಇರೋ ಪಾತ್ರ ಅಂದ್ರೆ ಆ ಎಮ್ಮೆ ಒಂದೇ.”

ಪರದೆಯ ಹಿಂದೆ ಬಳೆಗಳು ಜೋರಾಗಿ ಸದ್ದು ಮಾಡಿದವು. ಮೆಚ್ಚಿಗೆಯ ಸದ್ದೆಂದು ನಾನು ತಿಳಿದೆ.

“ಯಾವ ಎಮ್ಮೆ?” ಎಂದರು ತಿಪ್ಪೇಶಪ್ಪನವರು.

ಓಹೋ, ಪರೀಕ್ಷೆ ಮಾಡುತ್ತಿದ್ದಾರೆ! ಹೊನ್ನಾಳಿಯವರು ಬಿದ್ದದ್ದು ಇಲ್ಲೇ ಇರಬೇಕು. ನಾನು ಬಿಡಲಿಲ್ಲ. ನೌಕೆಯಲ್ಲಿ ಹಾಲಿಗೆಂದು ಕರೆದೊಯ್ದ ಎಮ್ಮೆ, ಭೂಮಿಯ ಎಳೆತ ಇಲ್ಲದ ಕಡೆ ಕರೆದ ಹಾಲು ಚೊಂಬಿಗೆ ಬೀಳದೆ ಉಂಡೆ ಉಂಡೆಯಾಗಿ ತೇಲಿಹೋಗುವುದು, ಏಳು ಮಂದಿ ವಿಜ್ಞಾನಿಗಳು ಬಾಯಿ ತೆರೆದುಕೊಂಡು ಹಾಲಿನ ಉಂಡೆಗಳ ಹಿಂದೆ ಈಜುವುದು, ಎಲ್ಲವನ್ನೂ ಅಭಿನಯಿಸಿ ತೋರಿಸಿದೆ. ಒಳಗೆ ಒಂದು ತಟ್ಟೆ ಬಿತ್ತು. ನಾನು ಇನ್ನೂ ಉತ್ಸಾಹದಿಂದ, ಎಮ್ಮೆ ಹೆದರಿ ಹಾಲು ಬಿಗಿ ಹಿಡಿದಾಗ ಆ ಬಿಗುವಿನ ಕ್ಯಾಪ್ಟನ್ ತನ್ನ ತಾಯಿ ಕೊಟ್ಟಿಗೆಯಲ್ಲಿ ಎಮ್ಮೆಯನ್ನು ಕರೆಯುತ್ತಿದ್ದ ದನಿಯಲ್ಲೇ ಕರೆದು, ಕರೆಯುತ್ತಲೇ ಅತ್ತುಬಿಡುವ ಭಾಗ ಹೇಳಿದೆ. ಆ ಭಾಗ ಹೇಳುವಾಗ ನಾನೂ ಕಣ್ಣೊರೆಸಿಕೊಂಡೆ, ಅದು ನಟನೆಯಲ್ಲ. ಎಮ್ಮೆಗೆ ಎಡಗೊಂಬು ಸ್ವಲ್ಪ ಮುರಿದಿತ್ತು ಎಂದು ನನ್ನ ಕಡೆಯಿಂದಲೂ ಒಂದಿಷ್ಟು ಸೇರಿಸಿದೆ.

ಮರುಳಪ್ಪ ಅಪ್ಪನ ಮುಖವನ್ನೂ ನನ್ನ ಮುಖವನ್ನೂ ನೋಡುತ್ತಿದ್ದ. ಒಳಗಿನಿಂದ ಸಿದ್ದಲಿಂಗಮ್ಮ, ಒಂದು ಗಳಿಗೆ ಬರ್ರಿ ಇಲ್ಲಿ ಎಂದು ಕರೆದಳು. ನೀರು ತರುತ್ತೇನೆಂದು ಹೇಳಿ ಎದ್ದು ಹೋದೆ. ಪರದೆ ದಾಟುತ್ತಲೇ ಅವಳು ನನ್ನ ಅಂಗಿಯ ತೋಳು ಹಿಡಿದು ಪಿಸುಗುಟ್ಟಿದಳು.

“ಆ ಎಮ್ಮೆ ಅವ್ರುದ್ದಲ್ರೀ. ನಂದು.”

ನನಗೆ ಅರ್ಥವಾಗಲಿಲ್ಲ. ನಮ್ಮ ಮನೆಯಲ್ಲಿ ಎಮ್ಮೆಯೇ ಇರಲಿಲ್ಲ. ಅವಳು ಹಲ್ಲು ಕಚ್ಚಿ ಬಿಡಿಸಿ ಹೇಳಿದಳು. ವಾರಪತ್ರಿಕೆಯನ್ನು ನಾವೂ ಇಮಾಮ್‌ಬೀಯೂ ಸೇರಿ ತರಿಸುತ್ತಿದ್ದೆವು. ಒಂದು ವಾರ ನಮ್ಮ ಮನೆಗೆ ಮೊದಲು, ಮುಂದಿನ ವಾರ ಅವರ ಮನೆಗೆ ಮೊದಲು. ಕಥೆಯ ಹಾಳೆ ಸಿದ್ದಲಿಂಗಮ್ಮನದು, ಕಸೂತಿ ಮಾದರಿಯ ಹಾಳೆ ಇಮಾಮ್‌ಬೀಯದು ಎಂದು ಕರಾರು. ನಾಲ್ಕೈದು ಸಲ ಕಸೂತಿ ಮಾದರಿ ಕಥೆಯ ಹಾಳೆಯ ಬೆನ್ನಿಗೇ ಅಚ್ಚಾಗಿ, ಪತ್ರಿಕೆ ಮೊದಲು ಅವಳ ಮನೆಗೇ ಹೋಗಿ, ಹಾಳೆ ಬಟ್ಟೆಗೆ ಅಂಟಿ, ಸೂಜಿ ಚುಚ್ಚಿಸಿಕೊಂಡು ಮಾಯವಾಗಿತ್ತು. ಇತ್ತ ಓಣಿಯ ಹೆಂಗಸರು ಮುಂದೇನಾಯಿತು ಎಂದು ಕಥೆ ಕೇಳಲು ಬಂದು ಕೂತಿರುತ್ತಿದ್ದರು. ಅವರನ್ನು ಬರಿಗೈಲಿ ಕಳಿಸಲಾರದೆ ಇವಳು ತಾನೇ ಕಟ್ಟಿ ಹೇಳಿದ್ದಳು. ಹೇಳಬೇಕೆಂದು ಬಂದವಳನ್ನು ಬುಧವಾರ ಪೀಠಿಕೆ ಬೇಡವೆಂದು ತಡೆದದ್ದು ನಾನೇ.

ಹಾಲಮ್ಮ ಗೋಡೆಗೆ ಒರಗಿ ನಿಂತಿದ್ದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಆದರೂ ನಾನು ತಾಲ್ಲೂಕು ಕಚೇರಿಯ ಗುಮಾಸ್ತ, ಬರೆದ ಷರಾವನ್ನು ತಿದ್ದಲು ಬಾರದವನಲ್ಲ. ನೀರಿನ ಚೊಂಬು ಹಿಡಿದು ಹೊರಗೆ ಬಂದೆ.

ಎಮ್ಮೆ ಎಂದರೆ ನಿಜವಾದ ಎಮ್ಮೆಯಲ್ಲ ಎಂದೆ. ಅದು ಸಂಕೇತ. ನಿಮ್ಮ ಆಕಾಶನೌಕೆಯನ್ನೇ ನಾನು ಎಮ್ಮೆ ಎಂದದ್ದು.

“ನನ್ ನೌಕೆ ಎಮ್ಮೆ ಹಂಗೈತಾ?”

“ಅಂದ್ರೆ, ವೇಗದಾಗಲ್ಲ ಮೇಷ್ಟ್ರೆ. ತಾಳ್ಮೆಯಾಗೆ.”

“ಮತ್ತೆ ಹಾಲು?”

“ಜ್ಞಾನ,” ಎಂದೆ.

“ಎಡಗೊಂಬು?”

ನೀರಿನ ಚೊಂಬನ್ನು ಅವರ ಮುಂದೆ ಹಿಡಿದೆ. ಬೆವರು ಕನ್ನಡಿಯಂತಿದ್ದ ಅಂಗಿಯ ಇಸ್ತ್ರಿಯನ್ನು ಹಾಳು ಮಾಡಿತು. ಧರ್ಮಪ್ಪ ಛಾವಣಿಯ ತೊಲೆಗಳನ್ನು ಎಣಿಸುವವನಂತೆ ಮೇಲೆ ನೋಡುತ್ತಾ ಕೂತ. ತಿಪ್ಪೇಶಪ್ಪನವರು ಎರಡೂ ಕೈ ಮೊಣಕಾಲಿನ ಮೇಲೆ ಊರಿದರು. ಏಳುವ ಮನುಷ್ಯರು ಹಾಗೇ ಊರುವುದು. ಮುಗಿಯಿತು, ನನ್ನ ನಾಲಿಗೆಯೇ ನನ್ನ ಮಗಳ ಮನೆ ಹಾಳು ಮಾಡಿತು ಎಂದುಕೊಂಡೆ.

ಅಷ್ಟರಲ್ಲಿ ಪರದೆ ಸರಿಯಿತು. ಸಿದ್ದಲಿಂಗಮ್ಮ ತಲೆಯ ಮೇಲೆ ಸೆರಗು ಹೊದ್ದು, ಹೊರಗೆ ಬಂದು ನಿಂತಳು. ನಮ್ಮ ಮನೆಯಲ್ಲಿ ಹೆಣ್ಣು ನೋಡಲು ಬಂದವರ ಮುಂದೆ ಹೆಂಗಸು ತಾನಾಗಿ ಬಂದು ಮಾತಾಡಿದ್ದು ಅದೇ ಮೊದಲು.

“ಮೇಷ್ಟ್ರೆ, ತಪ್ಪು ಇವ್ರುದ್ದಲ್ಲ. ಎಮ್ಮೆ ಕಟ್ಟಿದೋಳು ನಾನು. ನಿಮ್ ಕಥೆ ಹಾಳಿ ನಡುವೆ ಕಳದೋಗಿತ್ತು. ಎಲ್ಲಿ ಹೋಯ್ತು ಅಂದ್ರೆ, ನೀವು ಕಾಫಿ ಲೋಟ ಇಟ್ಟೀರಲ್ಲ, ಆ ನವಿಲಾಯ್ತು.”

ತಿಪ್ಪೇಶಪ್ಪನವರು ಲೋಟ ಎತ್ತಿ ಟೀಪಾಯಿಯ ಬಟ್ಟೆ ನೋಡಿದರು. ನೀಲಿ ದಾರದ ನವಿಲೊಂದು ಗರಿ ಬಿಚ್ಚಿ ನಿಂತಿತ್ತು. ಒಳಗಿನಿಂದ ಇಮಾಮ್‌ಬೀ, ನನಗೆ ಕಥೆ ಬೆನ್ನಿಗಿದ್ದದ್ದು ಗೊತ್ತಾಗಲಿಲ್ಲ ಸಾಬ್, ನವಿಲಷ್ಟೇ ಕಂಡಿತು ಎಂದು ಪರದೆಯ ಹಿಂದಿನಿಂದಲೇ ತಪ್ಪೊಪ್ಪಿಕೊಂಡಳು.

ಮೇಷ್ಟ್ರು ನವಿಲಿನ ಗರಿಯ ಮೇಲೆ ಬೆರಳಾಡಿಸಿದರು. ಕಳೆದುಹೋದದ್ದು ಯಾವ ಭಾಗವೆಂದು ಕೇಳಿ ತಿಳಿದುಕೊಂಡರು. ಮಂಗಳ ದಾಟಿದ ಮೇಲೆ, ಬಳೆ ಮುಟ್ಟುವ ಮೊದಲು. ಅದು ನಾನು ಅತ್ಯಂತ ಕಷ್ಟಪಟ್ಟು ಬರೆದದ್ದು, ನೌಕೆಯ ವೇಗ, ಗಾಳಿಯ ಒತ್ತಡ, ಇಂಧನದ ಲೆಕ್ಕ, ಒಂದೊಂದನ್ನೂ ಪುಸ್ತಕ ನೋಡಿ ತಾಳೆ ಹಾಕಿದ್ದೆ ಎಂದು ತಮಗೇ ಹೇಳಿಕೊಂಡರು. ಆಮೇಲೆ ತಲೆಯೆತ್ತಿ ಅವಳನ್ನು ಕೇಳಿದರು.

“ಲೆಕ್ಕ ಇರೋ ವಾರ ಹೆಣ್ಮಕ್ಳು ಕೇಳ್ತಿದ್ರೇನಮ್ಮಾ? ನಿಜ ಹೇಳು.”

“ಒಲೆ ಮ್ಯಾಲೆ ಸಾರು ಐತೆ ಅಂತ ಎದ್ದು ಹೋಗ್ತಿದ್ರು,” ಎಂದಳು ಸಿದ್ದಲಿಂಗಮ್ಮ. “ನಿಮ್ ಏಳು ಮಂದಿ ಅಷ್ಟು ದೂರ ಹೋದ್ರು, ಒಬ್ರೂ ಉಣ್ಣಲಿಲ್ಲ, ಒಬ್ರೂ ಮನೆ ನೆನೀಲಿಲ್ಲ. ನಂಬಾಕೆ ಆಗ್ಲಿಲ್ಲ ಮೇಷ್ಟ್ರೆ. ಅದಕ್ಕೇ ಎಮ್ಮೆ ಹೊಡ್ಕೊಂಡು ಬಂದೆ.”

ನಾನು ಕಣ್ಣು ಮುಚ್ಚಿಕೊಂಡೆ. ನಾನಾದರೂ ನೌಕೆಯನ್ನು ಎಮ್ಮೆ ಎಂದಿದ್ದೆ. ಇವಳು ನೇರ ಬುಡಕ್ಕೇ ಕೊಡಲಿ ಹಾಕಿದ್ದಳು. ಕುರ್ಚಿ ಸರಿದ ಸದ್ದು ಕೇಳಿಸಿತು. ಹೊರಟರೆಂದು ಕಣ್ಣು ಬಿಟ್ಟರೆ, ಮೇಷ್ಟ್ರು ಕುರ್ಚಿಯನ್ನು ಅವಳ ಕಡೆ ತಿರುಗಿಸಿಕೊಂಡು ಕೂತಿದ್ದರು.

“ಆಮ್ಯಾಲೆ ಎಮ್ಮೆ ಏನಾಯ್ತಮ್ಮಾ?”

ಅವಳು ಹೊಸ್ತಿಲ ಮೇಲೆ ಕೂತು ಹೇಳತೊಡಗಿದಳು. ಕಾಫಿ ಆರಿತು. ಬೋಂಡ ಮೆತ್ತಗಾದವು. ಎಮ್ಮೆ ಶನಿಯ ಬಳೆಯ ಹಿಮವನ್ನು ನೆಕ್ಕಿದ ಜಾಗದಲ್ಲಿ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಗಂಡಿನ ಕಡೆಯವರು ಬಂದದ್ದು ಯಾತಕ್ಕೆ ಎಂಬುದನ್ನು ಎಲ್ಲರೂ ಮರೆತಂತಿತ್ತು, ಇಬ್ಬರನ್ನು ಬಿಟ್ಟು. ಮರುಳಪ್ಪ ಪಶು ಆಸ್ಪತ್ರೆಯ ನೌಕರನಾಗಿ ಎಮ್ಮೆಯ ಕೆಚ್ಚಲಿನ ಬಗ್ಗೆ ಏನೋ ಸಂದೇಹ ಎತ್ತಿದ. ಪರದೆಯ ಹಿಂದಿನಿಂದ ಹಾಲಮ್ಮ ಅದಕ್ಕೆ ಉತ್ತರ ಕೊಟ್ಟಳು. ಅವನು ಇನ್ನೊಂದು ಸಂದೇಹ ಎತ್ತಿದ. ಅವನಿಗೆ ಅಷ್ಟೊಂದು ಸಂದೇಹಗಳಿವೆ ಎಂದು ನನಗೆ ಮೊದಲೇ ಗೊತ್ತಿರಲಿಲ್ಲ.

ಕಥೆ ಮುಗಿದ ಮೇಲೆ ಮೇಷ್ಟ್ರು ಧರ್ಮಪ್ಪನಿಗೆ, ಒಳ್ಳೆಯ ದಿನ ನೋಡಪ್ಪ ಎಂದರು. ಬಾಗಿಲವರೆಗೆ ಹೋದವರು ನಿಂತು, ನನ್ನ ಹೆಗಲ ಮೇಲೆ ಕೈಯಿಟ್ಟರು.

“ನೀವು ಓದಿಲ್ಲ ಅಲ್ರಾ ಬೀಗ್ರೆ?”

“ಇಲ್ಲ,” ಎಂದೆ.

“ಇರ್ಲಿ ಬಿಡ್ರಿ. ನಮ್ಮನ್ಯಾಗೂ ಯಾರೂ ಓದಿಲ್ಲ.”

ಅವರು ನಗುತ್ತಲೇ ಹೇಳಿದರು. ಆದರೆ ಆ ಮಾತು ಕೇಳಿ ನನಗೆ ಯಾಕೋ ಬೇಜಾರಾಯಿತು. ಊರೂರು ತಿರುಗಿ ಈ ಮನುಷ್ಯ ಹುಡುಕುತ್ತಿದ್ದದ್ದು ಸೊಸೆಯನ್ನಷ್ಟೇ ಅಲ್ಲ ಎಂದು ಆಗ ಹೊಳೆಯಿತು.

ಮದುವೆ ಚೆನ್ನಾಗಿ ಆಯಿತು. ಮದುವೆಯ ಮೇಲೆ ಜಗಳೂರಿಗೂ ನಮ್ಮ ಮನೆಗೂ ನಡುವೆ ಬಸ್ಸಿನಲ್ಲಿ ಪೊಟ್ಟಣಗಳು ಓಡಾಡತೊಡಗಿದವು. ಅಲ್ಲಿಂದ ಬರುವುದು ಹುಣಿಸೆಹಣ್ಣು, ಇಲ್ಲಿಂದ ಹೋಗುವುದು ಹಪ್ಪಳ ಎಂದು ನಾನು ತಿಳಿದಿದ್ದೆ. ಮುಂದಿನ ವರ್ಷ ಕಾದಂಬರಿ ದಾವಣಗೆರೆಯಲ್ಲಿ ಅಚ್ಚಾಗಿ, ರಟ್ಟಿನ ಮೇಲೆ ಎಮ್ಮೆಯ ಚಿತ್ರ ಹೊತ್ತು ಪುಸ್ತಕವಾಗಿ ಬಂತು. ಬೀಗರು ನನಗೊಂದು ಪ್ರತಿ ಕಳಿಸಿ, ಯುಗಾದಿಗೆ ಬರುತ್ತೇನೆ, ಗುಣದೋಷ ಹೇಳಬೇಕು ಎಂದು ಹೇಳಿಕಳಿಸಿದ್ದರು. ನನಗೆ ಜ್ವರ ಬಂದಂತಾಯಿತು. ಈ ಸಲ ಯಾರನ್ನೂ ನಂಬದೆ, ಕಚೇರಿಗೆ ರಜೆ ಹಾಕಿ, ಒಂದಕ್ಷರ ಬಿಡದೆ ನಾನೇ ಓದಿದೆ. ಇಂಧನದ ಲೆಕ್ಕವನ್ನೂ ಓದಿದೆ. ಓದುತ್ತಾ ಹೋದಂತೆ ನೌಕೆಯಲ್ಲಿ ಎಂಟನೆಯವನೊಬ್ಬ ಹೊಸದಾಗಿ ಕಾಣಿಸಿಕೊಂಡ.

ಅವನು ಯಾವುದೋ ಕಚೇರಿಯ ಗುಮಾಸ್ತ. ನೌಕೆಯ ಬಗ್ಗೆ ಒಂದಕ್ಷರವನ್ನೂ ಓದದೆ, ಅದರ ಗುಣವೇನು ದೋಷವೇನು ಎಂದು ಎಲ್ಲರಿಗೂ ಬೆಳಗಿನಿಂದ ಸಂಜೆಯವರೆಗೆ ಉಪನ್ಯಾಸ ಮಾಡುವುದೇ ಅವನ ಕೆಲಸ. ಶನಿಯ ಬಳೆ ಹತ್ತಿರವಾದಾಗ ನೌಕೆಯ ಭಾರ ಇಳಿಸಬೇಕಾಗುತ್ತದೆ. ಎಮ್ಮೆಯನ್ನು ಇಳಿಸುವುದೋ, ಗುಮಾಸ್ತನನ್ನು ಇಳಿಸುವುದೋ ಎಂದು ಸಭೆ ಸೇರುತ್ತದೆ. ಎಮ್ಮೆ ಹಾಲು ಕೊಡುತ್ತದೆ, ಈತ ಅಭಿಪ್ರಾಯ ಕೊಡುತ್ತಾನೆ ಎಂದು ಕ್ಯಾಪ್ಟನ್ ತೀರ್ಪು ಹೇಳುತ್ತಾನೆ. ಗುಮಾಸ್ತನನ್ನು ಕಿಟಕಿಯಿಂದ ಹೊರಕ್ಕೆ ಬಿಡುತ್ತಾರೆ. ಅವನು ಇಂದಿಗೂ ಮಾತಾಡುತ್ತಲೇ ಶನಿಯನ್ನು ಸುತ್ತುತ್ತಿದ್ದಾನಂತೆ.

ನನ್ನ ಮೈಯೆಲ್ಲ ಉರಿದುಹೋಯಿತು. ಪುಸ್ತಕ ಹಿಡಿದು ಅಡಿಗೆಮನೆಗೆ ನುಗ್ಗಿದೆ. ನೋಡು ನಿನ್ನ ಬೀಗರು ಮಾಡಿದ ಕೆಲಸ, ಹೆಣ್ಣು ಕೊಟ್ಟ ಮಾವನಿಗೆ ಕೊಡುವ ಮರ್ಯಾದೆ ಇದೇನು, ಈ ಅಧ್ಯಾಯ ಬರೆದವರು ಯುಗಾದಿಗೆ ಬರಲಿ, ಇದೇ ಮನೆಯಲ್ಲಿ ನಿಲ್ಲಿಸಿ ಕೇಳುತ್ತೇನೆ ಎಂದು ಕೂಗಾಡಿದೆ.

ಸಿದ್ದಲಿಂಗಮ್ಮ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ.

“ಯುಗಾದಿ ತನಕ ಯಾಕ್ರೀ ಕಾಯ್ತೀರಿ? ಈಗ್ಲೇ ಕೇಳ್ರಿ. ಆ ಅಧ್ಯಾಯ ಬೀಗ್ರು ಬರ್ದಿದ್ದಲ್ಲ.”